ಮುಕ್ತಿನಾಥಕ್ಕೆ ಟಿಕೆಟ್ ಮಾಡಿಸುವ ಮೊದಲು, ದೊಡ್ಡಮ್ಮನ ಪ್ರಶ್ನೆಗೆ ಉತ್ತರ

ದೊಡ್ಡಮ್ಮ, ನಿಮ್ಮ ಮೆಸೇಜ್ ಈಗ ಕೇಳಿದೆ. ದಸರಾ ರಜೆಗೆ ಕಾಠ್ಮಂಡು, ಪೋಖರಾ, ಮುಕ್ತಿನಾಥ ಅಂತ ಎಲ್ಲರೂ ಒಪ್ಪಿದ್ದಾರೆ, ನೇಪಾಳಕ್ಕೆ ವೀಸಾ ಬೇಡ, ಎಲ್ಲರ ಹತ್ತಿರವೂ ಆಧಾರ್ ಇದೆ, ಈ ವಾರವೇ ಟಿಕೆಟ್ ಮಾಡಿಸಿಬಿಡೋಣವಾ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳಿ. ಟಿಕೆಟ್ ಮಾತ್ರ ಇವತ್ತೇ ಮಾಡಿಸಬೇಡಿ.

ನಮಗೆ ವೀಸಾ ಬೇಡ, ನಿಜ. ಆದರೆ ವಿಮಾನದಲ್ಲಿ ಹೋಗುವಾಗ ನಾವು ಭಾರತದವರು ಅಂತ ತೋರಿಸಲು ಸರಿಯಾದ ಕಾರ್ಡ್ ಬೇಕು. 15ರಿಂದ 65 ವಯಸ್ಸಿನೊಳಗಿನವರಿಗೆ ಅದು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಐಡಿ. ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15 ತುಂಬದ ಮಕ್ಕಳಿಗೆ ಮಾತ್ರ. ದೊಡ್ಡಪ್ಪನಿಗೆ 71, ಅವರಿಗೆ ಆಧಾರ್ ಸಾಕು. ನಿಮಗೆ 63 ಅಲ್ವಾ? ನಿಮಗೆ ಸಾಲುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬೆಂಗಳೂರು ಏರ್‌ಪೋರ್ಟಿನಲ್ಲಿ ಕಾಠ್ಮಂಡು ವಿಮಾನದ ಕೌಂಟರ್ ಮುಂದೆ ನನ್ನ ಮುಂದಿದ್ದ ಗಂಡ ಹೆಂಡತಿ ಇಬ್ಬರೂ ಲ್ಯಾಮಿನೇಟ್ ಮಾಡಿಸಿದ ಆಧಾರ್ ಹಿಡಿದು ನಿಂತಿದ್ದರು. ಯಜಮಾನರ ಕಾರ್ಡ್ ನೋಡಿ ಬೋರ್ಡಿಂಗ್ ಪಾಸ್ ಕೊಟ್ಟರು. ಆಕೆಗೆ ಇನ್ನೂ 65 ಆಗಿರಲಿಲ್ಲ, ಕೊಡಲಿಲ್ಲ. ಆಕೆ ಕೈಚೀಲದಲ್ಲಿದ್ದದ್ದನ್ನೆಲ್ಲ ಕೌಂಟರ್ ಮೇಲೆ ಸುರಿದರು. ಪ್ಯಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡಿನ ಜೆರಾಕ್ಸ್, ಎಲ್ಲ ಬಂತು, ವೋಟರ್ ಐಡಿ ಮನೆಯಲ್ಲಿತ್ತು. ಇಬ್ಬರೂ ಟ್ರಾಲಿ ತಿರುಗಿಸಿಕೊಂಡು ಹೊರಗೆ ಹೋದರು. ಹಾಗೆ ನಿಮಗೆ ಆಗುವುದು ನನಗೆ ಬೇಡ.

ನಿಮ್ಮ ವೋಟರ್ ಐಡಿ ತೆಗೆದು ನೋಡಿ. ಅದರಲ್ಲಿ ಸರಸ್ವತಮ್ಮ ಅಂತಲೂ ಆಧಾರಿನಲ್ಲಿ ಸರಸ್ವತಿ ಕೆ. ಅಂತಲೂ ಇದ್ದರೆ, ಅಲ್ಲಿ ಯಾವ ಕಾರ್ಡ್ ತೋರಿಸುತ್ತೀರೋ ಅದರಲ್ಲಿರುವ ಹೆಸರಲ್ಲೇ ಟಿಕೆಟ್ ಆಗಬೇಕು. ಜೆರಾಕ್ಸ್, ಮೊಬೈಲಿನಲ್ಲಿರುವ ಫೋಟೊ ನಂಬಿ ಹೊರಡಬೇಡಿ, ಒರಿಜಿನಲ್ ಕಾರ್ಡೇ ಬೇಕು. ನನ್ನ ಅಭಿಪ್ರಾಯ ಕೇಳಿದರೆ ಪಾಸ್‌ಪೋರ್ಟ್ ಮಾಡಿಸಿಬಿಡಿ. 36 ಪುಟದ್ದಕ್ಕೆ 1,500 ರೂಪಾಯಿ, ಹತ್ತು ವರ್ಷ ಬರುತ್ತದೆ. ಮೈಸೂರಿನಲ್ಲೇ ಸೇವಾ ಕೇಂದ್ರ ಇದೆ, ಬೆಂಗಳೂರಿಗೆ ಬರಬೇಕಿಲ್ಲ. ಪೊಲೀಸ್ ವೆರಿಫಿಕೇಷನ್‌ಗೆ ಅಂತ ಸ್ವಲ್ಪ ದಿನ ಇಟ್ಟುಕೊಳ್ಳಬೇಕು, ಅದಕ್ಕೇ ಈ ವಾರವೇ ಅರ್ಜಿ ಹಾಕೋಣ ಅನ್ನುತ್ತಿದ್ದೇನೆ. ನಮ್ಮ ಪುಟ್ಟುಗೆ 16, ಅವನಿಗೂ ಆಧಾರ್ ನಡೆಯುವುದಿಲ್ಲ, ವೋಟರ್ ಐಡಿಗೆ ಇನ್ನೂ ವಯಸ್ಸಾಗಿಲ್ಲ. ಶಾಲೆಯ ಪ್ರಿನ್ಸಿಪಾಲರಿಂದ ನಿಗದಿತ ನಮೂನೆಯಲ್ಲಿ ಪತ್ರ ತರುವ ದಾರಿ ಇದೆ. ಆದರೆ ನಿಮ್ಮ ಜೊತೆ ಅವನದ್ದೂ ಪಾಸ್‌ಪೋರ್ಟ್ ಆಗಿಬಿಟ್ಟರೆ ಆ ಓಡಾಟವೇ ಇಲ್ಲ.

ರಶ್ಮಿ ಅಕ್ಕ, ನೀನೂ ಕೇಳಿಸಿಕೋ. ನೀವು ನ್ಯೂಜೆರ್ಸಿಯಿಂದ ಬಂದು ನಮ್ಮ ಜೊತೆ ಸೇರುವವರಿಗೆ ಲೆಕ್ಕವೇ ಬೇರೆ. ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ನೇಪಾಳಕ್ಕೆ ವೀಸಾ ಬೇಕು, ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ತೋರಿಸಿದರೆ ಅಲ್ಲಿ ಬಿಡುವುದಿಲ್ಲ. ಕಾಠ್ಮಂಡು ಏರ್‌ಪೋರ್ಟಿನಲ್ಲೇ ಕೊಡುತ್ತಾರೆ, 15 ದಿನಕ್ಕೆ 30 ಡಾಲರ್. ಹತ್ತು ವರ್ಷದೊಳಗಿನ ಮಗಳಿಗೂ ವೀಸಾ ಆಗಬೇಕು. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳಾದರೂ ನಡೆಯುವಂತಿರಲಿ. ಒಸಿಐ ಕಾರ್ಡ್ ಮರೆಯಬೇಡ, ವಾಪಸ್ ಬೆಂಗಳೂರಿಗೆ ಇಳಿಯುವಾಗ ಅದು ಬೇಕೇ ಬೇಕು.

ಈಗ ಮುಕ್ತಿನಾಥ. ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ. ದೇವಸ್ಥಾನ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಹೆಚ್ಚುಕಡಿಮೆ ಅದರ ಎರಡರಷ್ಟು. ಟೂರ್‌ನವರು ಕಳಿಸಿದ ಪಟ್ಟಿಯಲ್ಲಿ ಬೆಳಿಗ್ಗೆ ಪೋಖರಾದಿಂದ ವಿಮಾನ, ಜೋಮ್‌ಸೋಮ್‌ನಲ್ಲಿ ಇಳಿದು ಜೀಪ್, ದರ್ಶನ, ಅಂತ ಒಂದೇ ಉಸಿರಿಗೆ ಬರೆದಿದ್ದಾರೆ. ಪೋಖರಾ ಸಾವಿರ ಮೀಟರ್ ಕೂಡ ಇಲ್ಲ. ಅಲ್ಲಿಂದ ಅರ್ಧ ಗಂಟೆಯೊಳಗೆ 2,700 ಮೀಟರಿಗೆ ಇಳಿಸುತ್ತಾರೆ, ಮತ್ತೆ ಮಧ್ಯಾಹ್ನಕ್ಕೇ ಇನ್ನೂ ಸಾವಿರ ಮೀಟರ್ ಮೇಲೆ. ಬಿಪಿ ಮಾತ್ರೆ ತಗೊಳ್ಳುವ ದೊಡ್ಡಪ್ಪನಿಗೆ ಇದು ಬೇಡ. ಜೋಮ್‌ಸೋಮ್‌ನಲ್ಲೋ ಪಕ್ಕದ ಮಾರ್ಫಾ ಊರಿನಲ್ಲೋ ಒಂದು ರಾತ್ರಿ ತಂಗಿ, ಮಾರನೆಯ ದಿನ ನಿಧಾನವಾಗಿ ಹತ್ತಲಿ. ತಲೆನೋವು, ವಾಂತಿ, ನಡೆಯುವಾಗ ತೂರಾಟ ಶುರುವಾದರೆ ದರ್ಶನ ಆಗಲಿ ಬಿಡಲಿ ಕೆಳಗೆ ಇಳಿಸಬೇಕು. ಇಲ್ಲಿಯವರೆಗೆ ಬಂದು ಹಾಗೇ ಹೋಗುವುದಾ ಅಂತ ಯಾರೂ ಹಟ ಮಾಡಬಾರದು. ಎತ್ತರದಲ್ಲಿ ಹೀಗೆ ಆಗದಂತೆ ತಗೊಳ್ಳುವ ಡಯಾಮಾಕ್ಸ್ ಮಾತ್ರೆ ಬೇಕಾ ಅಂತ ಹೊರಡುವ ಮೊದಲೇ ನಮ್ಮ ಡಾಕ್ಟರನ್ನು ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಿ.

ಜೀಪ್ ಇಳಿದ ಮೇಲೂ ನಡೆಯುವುದಿದೆ, ಮೆಟ್ಟಿಲಿದೆ. ಕುದುರೆ ಸಿಗುತ್ತದೆ. ಅಲ್ಲಿ 108 ಧಾರೆಗಳಿವೆ, ನೀರು ಮೈ ಕೊರೆಯುವಷ್ಟು ತಣ್ಣಗೆ. ಚಿಕ್ಕವರು ಬೇಕಾದರೆ ಓಡಿಕೊಂಡು ಮೀಯಲಿ. ದೊಡ್ಡಪ್ಪ ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕು, ದೇವರು ಅದನ್ನೂ ಒಪ್ಪುತ್ತಾನೆ.

ಜೋಮ್‌ಸೋಮ್ ವಿಮಾನ ಹಾರುವುದು ಬೆಳಗಿನ ಹೊತ್ತು ಮಾತ್ರ. ಹೊತ್ತೇರಿದಂತೆ ಕಾಳಿ ಗಂಡಕಿ ಕಣಿವೆಯಲ್ಲಿ ಗಾಳಿ ಎದ್ದುಬಿಡುತ್ತದೆ. ಮೋಡ ಕವಿದರೆ ಬೆಳಿಗ್ಗೆಯೂ ರದ್ದು. ಅದಕ್ಕೆ ಪೋಖರಾದಲ್ಲಿ ಒಂದು ದಿನ ಖಾಲಿ ಇಟ್ಟುಕೊಳ್ಳಿ, ಬೆಂಗಳೂರಿನ ವಾಪಸ್ ಟಿಕೆಟ್ ಮಾರನೆಯ ದಿನವೇ ಇರಬಾರದು. ಅಲ್ಲೂ ಆಗ ದಶೈಂ ಹಬ್ಬ, ಎಲ್ಲರೂ ಊರಿಗೆ ಹೊರಟಿರುತ್ತಾರೆ, ಸೀಟು ಸಿಗುವುದು ಕಷ್ಟ. ಆ ಭಾಗಕ್ಕೆ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಬೇರೆ ಬೇಕು, ನಮಗೆ 1,000 ನೇಪಾಳಿ ರೂಪಾಯಿ. ಹಬ್ಬದ ರಜೆ ಶುರುವಾಗುವ ಮೊದಲೇ ಮಾಡಿಸಿಕೊಡಲು ಟೂರ್‌ನವರಿಗೆ ಹೇಳಿ. ಪಾಸ್‌ಪೋರ್ಟ್ ಸೈಜ್ ಫೋಟೊ ನಾಲ್ಕಾರು ಇರಲಿ. ಇನ್ಶೂರೆನ್ಸ್ ಮಾಡಿಸುವಾಗ ಆ ಎತ್ತರಕ್ಕೂ ಹೆಲಿಕಾಪ್ಟರ್ ಖರ್ಚಿಗೂ ಅನ್ವಯಿಸುತ್ತದಾ ಅಂತ ಬರವಣಿಗೆಯಲ್ಲೇ ಕೇಳಿ.

ದುಡ್ಡಿನ ವಿಷಯ ಸುಲಭ. ನಮ್ಮ 100 ರೂಪಾಯಿಗೆ ಅವರ 160, ಇದು ಏರಿಳಿಯುವುದಿಲ್ಲ. ನಮ್ಮದನ್ನು ಐಸಿ, ಅವರದ್ದನ್ನು ಎನ್‌ಸಿ ಅನ್ನುತ್ತಾರೆ, ಬೆಲೆ ಹೇಳಿದರೆ ಯಾವುದರಲ್ಲಿ ಅಂತ ಕೇಳಿಕೊಳ್ಳಿ. 2018ರ ಕೊನೆಗೆ ಅಲ್ಲಿ ನಮ್ಮ 200, 500, 2000ದ ನೋಟುಗಳನ್ನು ನಿಷೇಧಿಸಿದ್ದರು, ಹಾಗಾಗಿ 100ರ ನೋಟುಗಳನ್ನೇ ಒಯ್ಯಿರಿ, ತಕರಾರು ಇರುವುದಿಲ್ಲ. ಕಾಠ್ಮಂಡು, ಪೋಖರಾದ ಅಂಗಡಿಗಳಲ್ಲಿ ಯುಪಿಐ ಸ್ಕ್ಯಾನ್ ಆಗುತ್ತದೆ. ಬೆಟ್ಟದ ಮೇಲೆ ಅದನ್ನು ನೆಚ್ಚಿಕೊಳ್ಳಬೇಡಿ.

ಪಶುಪತಿನಾಥದಲ್ಲಿ ಒಳಗೆ ಚರ್ಮದ ಬೆಲ್ಟು, ಪರ್ಸು ಬಿಡುವುದಿಲ್ಲ, ಬಟ್ಟೆಯ ಚೀಲ ತನ್ನಿ. ಅಲ್ಲಿಯ ಅರ್ಚಕರಲ್ಲಿ ನಮ್ಮ ಕರಾವಳಿ ಕಡೆಯ ಭಟ್ಟರಿದ್ದಾರೆ, ದೊಡ್ಡಪ್ಪ ಕನ್ನಡದಲ್ಲೇ ಮಾತಾಡಿಸಿ ನೋಡಲಿ.

ಈಗ ಎಲ್ಲರೂ ತಾವು ತೋರಿಸುವ ಕಾರ್ಡಿನ ಎರಡೂ ಬದಿಯ ಫೋಟೊ ನನಗೊಬ್ಬನಿಗೇ ಕಳಿಸಿ, ಗ್ರೂಪಿಗೆ ಹಾಕಬೇಡಿ. ಹೆಸರು, ಹುಟ್ಟಿದ ದಿನ ನೋಡಿಕೊಂಡು ಭಾನುವಾರ ಕೂತು ಟಿಕೆಟ್ ಮಾಡಿಸುತ್ತೇನೆ. ದೊಡ್ಡಮ್ಮ, ನಿಮ್ಮದೂ ಪುಟ್ಟುದೂ ಪಾಸ್‌ಪೋರ್ಟ್ ಅರ್ಜಿ ಇವತ್ತು ರಾತ್ರಿಯೇ ತುಂಬೋಣ. ಊಟ ಆದ ಮೇಲೆ ಫೋನ್ ಮಾಡಿ.