ರಟ್ಟೆಗೆ ರಜೆಯೋ, ಬಿಡುವೋ, ಸುಧಾರಿಕೆಯೋ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಇವಕ್ಕೆಲ್ಲ ಮಾತು ಸಿದ್ಧವಾಗಿಯೇ ಇರುತ್ತದೆ, ಹೆಸರು, ತಾರೀಕು ಬದಲಿಸಿದರೆ ಮುಗಿಯಿತು. ಹೋದ ತಿಂಗಳು ಬಂದ ಕೆಲಸ ಮಾತ್ರ ಇನ್ನೂ ಕೈಬಿಟ್ಟಿಲ್ಲ. ಇಲ್ಲೇ ಹತ್ತಿರದ ಒಂದು ಜಿಮ್ಮಿನ ಕೋಚ್ ಇಂಗ್ಲಿಷ್ ಹಾಳೆಯೊಂದನ್ನು ತಂದುಕೊಟ್ಟರು. "ಇದನ್ನ ಕನ್ನಡ ಮಾಡಿ ಸನ್‌ಬೋರ್ಡಿಗೆ ಹಾಕ್ಕೊಡಿ ಸಾರ್. ಅರ್ಧಕ್ಕರ್ಧ ಹಳ್ಳಿ ಕಡೆ ಹುಡುಗ್ರು. ದಿನಾ ಬೈಸೆಪ್ಸೇ ಹೊಡೀತಾರೆ. ಬಾಯಲ್ಲಿ ಹೇಳಿದ್ರೆ ಕೇಳಲ್ಲ, ಗೋಡೆ ಮೇಲಿದ್ರೆ ಓದ್ತಾರೆ" ಅಂದರು.

ಹಾಳೆಯಲ್ಲಿದ್ದದ್ದು ಇಷ್ಟು. ರಟ್ಟೆ ಬೆಳೆಯುವುದು ಭಾರ ಎತ್ತುವಾಗಲ್ಲ, ಎತ್ತಿ ಮನೆಗೆ ಹೋಗಿ ಉಂಡು ಮಲಗಿದ ಮೇಲೆ. ಒಮ್ಮೆ ಚೆನ್ನಾಗಿ ದುಡಿಸಿದರೆ ಅಲ್ಲಿ ಹೊಸ ಪ್ರೋಟೀನು ಕಟ್ಟಿಕೊಳ್ಳುವ ಕೆಲಸ 24ರಿಂದ 48 ಗಂಟೆವರೆಗೆ ಜೋರಾಗಿ ನಡೆಯುತ್ತದೆ. ಹಾಗಾಗಿ ಅದೇ ರಟ್ಟೆಗೆ ಮತ್ತೆ ಭಾರ ಕೊಡುವ ಮುಂಚೆ 48 ಗಂಟೆ ಬಿಡಬೇಕು. ಭಾರದ ಸೆಟ್ಟುಗಳ (ಬಿಡದೆ ಒಂದೇ ಸಮ ಎತ್ತುವ ಸುತ್ತುಗಳ) ನಡುವೆ 2-3 ನಿಮಿಷ ಬಿಡುವು, ರಾತ್ರಿ ಕಡಿಮೆಯೆಂದರೆ 7 ಗಂಟೆ ನಿದ್ದೆ. ಮತ್ತೆ, ಕನ್ನಡಿಯಲ್ಲಿ ಕಾಣುವ ಬೈಸೆಪ್ಸನ್ನೇ ಉಬ್ಬಿಸುತ್ತ ಕೂರಬೇಡಿ, ಮೇಲ್ತೋಳಿನ ದಪ್ಪದಲ್ಲಿ ಹೆಚ್ಚಿನ ಪಾಲು ಹಿಂದಿರುವ ಟ್ರೈಸೆಪ್ಸಿನದು.

ವಿಷಯ ನೀರು ಕುಡಿದಷ್ಟು ಸುಲಭ. ಸಿಕ್ಕಿಬಿದ್ದದ್ದು ಪದಗಳಲ್ಲಿ.

ಮೊದಲು 'ಸ್ನಾಯು'. ಶಾಲೆಯ ಪುಸ್ತಕದಿಂದ ಹಿಡಿದು "ಸ್ನಾಯು ಸೆಳೆತ, ಪಂದ್ಯಕ್ಕೆ ಅಲಭ್ಯ" ಎಂಬ ಪತ್ರಿಕೆಯ ಕ್ರೀಡಾಪುಟದವರೆಗೆ ಕನ್ನಡದಲ್ಲಿ ಇದೇ ಪದ. ಆದರೆ ಸುಶ್ರುತ ಮೈಯೊಳಗಿನದನ್ನು ಎಣಿಸುವಾಗ 500 ಪೇಶಿ, 900 ಸ್ನಾಯು ಎಂದು ಎರಡನ್ನೂ ಬೇರೆಬೇರೆ ಲೆಕ್ಕ ಹಾಕುತ್ತಾನೆ. ಅಲ್ಲಿ ಮಾಂಸದ ಗಂಟು ಪೇಶಿ, ಸ್ನಾಯು ಎಂದರೆ ಕಟ್ಟುವ ನಾರು. ಕನ್ನಡ ಯಾವಾಗ, ಹೇಗೆ ಪೇಶಿಯನ್ನು ಬಿಟ್ಟು ಸ್ನಾಯುವನ್ನು ಹಿಡಿಯಿತೋ, ತಿಳಿದವರು ಬರೆದರೆ ಸಂತೋಷ. ಬೋರ್ಡಿಗೆ ನಾನು 'ಮಾಂಸಖಂಡ' ಎಂದೇ ಹಾಕಿದ್ದೇನೆ. ಹುಡುಗರಿಗೆ ಅರ್ಥವಾಗುತ್ತದೆ, ತಪ್ಪೂ ಅಲ್ಲ.

ಎರಡನೆಯದು 'ರಟ್ಟೆ'. ಬೈಸೆಪ್ಸ್, ಟ್ರೈಸೆಪ್ಸಿಗೆ ಪಠ್ಯದಲ್ಲಿರುವ 'ದ್ವಿಶಿರ', 'ತ್ರಿಶಿರ'ಗಳನ್ನು ಕೋಚ್‌ಗೆ ಓದಿ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ರಾಕ್ಷಸರ ಹೆಸರಿದ್ದಂಗಿದೆ ಸಾರ್" ಅಂದರು. ರಟ್ಟೆ ಅನ್ನುವಾಗ ನಮ್ಮ ಕಡೆ ಹೆಗಲಿನಿಂದ ಮೊಣಕೈವರೆಗಿನ ಇಡೀ ಭಾಗವನ್ನು ಹೇಳುತ್ತೇವೆ. 'ರಟ್ಟೆಗಾತ್ರದ ಕೊಂಬೆ', 'ರಟ್ಟೆ ಮುರಿದು ದುಡಿ' ಎನ್ನುವಾಗ ಮುಂದೆ, ಹಿಂದೆ ಎಂದು ಯಾರೂ ಬಿಡಿಸಿ ನೋಡುವುದಿಲ್ಲ. ಬೋರ್ಡಿಗೆ ಮಾತ್ರ ಆ ಭೇದ ಬೇಕೇಬೇಕು. 'ಮುಂಗೈ' ಮಾದರಿಯಲ್ಲಿ 'ಮುಂರಟ್ಟೆ, ಹಿಂರಟ್ಟೆ' ಮಾಡಿ ನೋಡಿದೆ, ನಾಲಗೆ ತಿರುಗಲಿಲ್ಲ. 'ಒಳರಟ್ಟೆ, ಹೊರರಟ್ಟೆ' ಪರವಾಗಿಲ್ಲ ಅನಿಸಿತು. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಇಲ್ಲೇ ಇನ್ನೊಂದು ಸಂಶಯ. ತೆಲುಗಿನಲ್ಲಿ 'ರೆಕ್ಕ' ಎಂದರೆ ಹಕ್ಕಿಯ ರೆಕ್ಕೆಯೂ ಹೌದು, ಮನುಷ್ಯನ ತೋಳೂ ಹೌದು. ತೋಳಾಡದೆ ಹೊಟ್ಟೆ ತುಂಬದು ಎನ್ನಲು 'ರೆಕ್ಕಾಡಿತೇ ಗಾನಿ ಡೊಕ್ಕಾಡದು' ಎಂಬ ಗಾದೆಯೇ ಅವರಲ್ಲಿದೆ. ನಮ್ಮ ರೆಕ್ಕೆಗೂ ರಟ್ಟೆಗೂ ನೆಂಟಸ್ತನ ಇದೆಯೇ? ಇನ್ನು ಕಾಲಿಗೆ ಬಂದರೆ ನಮಗೆ 'ಮೀನಖಂಡ' ಎಂಬ ಚಂದದ ಪದ ಇದೆ, ಊರಲ್ಲಿ 'ಮೀನ್ಕಂಡ' ಅಂತಾರೆ. ಹಿಂದಿಯವರು ಅದೇ ಮೀನನ್ನು ತೋಳಿನಲ್ಲಿ ಕಂಡಿದ್ದಾರೆ, ಉಬ್ಬಿದ ರಟ್ಟೆಗೆ 'ಮಛಲಿ' ಎನ್ನುತ್ತಾರೆ. ಲ್ಯಾಟಿನ್ನಿನವರಿಗೆ ಕಂಡದ್ದು ಇಲಿಮರಿ, ಇಂಗ್ಲಿಷಿನ 'ಮಸಲ್' ಹುಟ್ಟಿದ್ದು ಆ ಪದದಿಂದ. ಕನ್ನಡದ ಯಾವುದಾದರೂ ಸೀಮೆಯಲ್ಲಿ ತೋಳಿನಲ್ಲೂ ಮೀನೋ ಇಲಿಯೋ ಓಡಾಡುತ್ತಿದ್ದರೆ ದಯವಿಟ್ಟು ಹೇಳಿ.

ಈಗ ನಿಜವಾಗಿ ಕಾಡುತ್ತಿರುವ ಪದಕ್ಕೆ ಬರುತ್ತೇನೆ: ಇಂಗ್ಲಿಷಿನ 'ರಿಕವರಿ', ಅಂದರೆ ಭಾರ ಎತ್ತಿದ ಮೇಲೆ ರಟ್ಟೆಗೆ ಕೊಡಬೇಕಾದ ಆ ಬಿಡುವು.

ಫೋನು ಮಾಡಿಕೊಟ್ಟ ಅನುವಾದ 'ಚೇತರಿಕೆ ದಿನ'. ಅದನ್ನು ಓದಿದ ಹುಡುಗನೊಬ್ಬ "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದ. ಅವನದೇನೂ ತಪ್ಪಿಲ್ಲ. ಕೊರೊನಾ ಕಾಲದಲ್ಲಿ ದಿನಾ ಸಂಜೆ 'ಚೇತರಿಸಿಕೊಂಡವರು ಇಷ್ಟು' ಎಂದು ಕೇಳಿ ಕೇಳಿ ಆ ಪದಕ್ಕೆ ಆಸ್ಪತ್ರೆಯ ವಾಸನೆ ಅಂಟಿಬಿಟ್ಟಿದೆ. 'ವಿಶ್ರಾಂತಿ'ಯ ಕಷ್ಟ ಬೇರೆ. ಶ್ರಮದ ಧಾತುವೇ ಅದರೊಳಗಿದ್ದರೂ ನಮ್ಮಲ್ಲಿ 'ವಿಶ್ರಾಂತ ಪ್ರಾಧ್ಯಾಪಕರು' ಅಂದರೆ ಪಿಂಚಣಿ ಬಂತು ಎಂದರ್ಥ. ಇಪ್ಪತ್ತರ ಹುಡುಗನಿಗೆ ವಿಶ್ರಾಂತಿ ತಗೊ ಅಂದರೆ ಕೇಳುತ್ತಾನೆಯೇ? 'ದಣಿವಾರಿಸಿಕೊ' ನನಗೆ ತುಂಬ ಇಷ್ಟದ ಮಾತು. ಆದರೆ ಅಲ್ಲಿ ದಣಿವು ಆರುತ್ತದೆ ಅಷ್ಟೇ, ಏನೂ ಬೆಳೆಯುವುದಿಲ್ಲ. 'ಬೀಳು ಬಿಡುವುದು' ಎಂದೂ ಯೋಚಿಸಿದೆ. ಈಗ ಮಲೆನಾಡಲ್ಲಿ ಗದ್ದೆ ಬೀಳು ಬಿದ್ದಿದೆ ಅಂದರೆ ಯಜಮಾನರ ಮಕ್ಕಳು ಬೆಂಗಳೂರು ಸೇರಿದ್ದಾರೆ ಅಂತ ಲೆಕ್ಕ. ಬೇಡವೆನಿಸಿತು.

ಕಡೆಗೆ ನನ್ನ ಜಾಣತನ ತೋರಿಸಿದೆ. "ಬುಧವಾರ: ರಟ್ಟೆಗೆ ರಜೆ" ಎಂದು ದಪ್ಪಕ್ಷರದಲ್ಲಿ ಮಾದರಿಗೆ ಒಂದು ಎ4 ಹಾಳೆ ತೆಗೆದುಕೊಟ್ಟೆ. ಕೋಚ್‌ಗೂ ಪ್ರಾಸ ಹಿಡಿಸಿತು, ಬಾಗಿಲಿಗೇ ಅಂಟಿಸಿದರು. ಬುಧವಾರ ಬೆಳಗ್ಗೆ ಅರ್ಧ ಜನ ಬರಲೇ ಇಲ್ಲ. ದೂರದಿಂದ ಓದಿದವರ ಕಣ್ಣಿಗೆ ಬಿದ್ದದ್ದು 'ಬುಧವಾರ', 'ರಜೆ' ಎರಡೇ. ಅವತ್ತು ಮಾಡಬೇಕಿದ್ದದ್ದು ಕಾಲಿನ ವ್ಯಾಯಾಮ. ಗಾಜನೂರಿನಿಂದ ಬರುವ ಹುಡುಗ ಮರುದಿನ ಬಂದು, "ತಿಂಗಳ ಫೀಸಲ್ಲಿ ಒಂದಿನದ್ದು ಕಳೀರಿ" ಅಂದನಂತೆ.

ಹಳಬರನ್ನು ಕೇಳೋಣವೆಂದು ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಹಿಂದೆ ಕುಸ್ತಿ ಆಡುತ್ತಿದ್ದ ಹಿರಿಯರೊಬ್ಬರ ಬಳಿ ಹೋದೆ. ಸಾಮು, ಬಸ್ಕಿ, ದಂಡ, ಗದೆ ಎಲ್ಲಕ್ಕೂ ಅವರ ಬಾಯಲ್ಲಿ ಪದ ಇತ್ತು. ಬಿಡುವಿನ ದಿನಕ್ಕೆ ಏನಂತಿದ್ರಿ ಅಂದೆ. "ಗರಡಿ ಮನೇಲಿ ರಜೆ ಎಲ್ಲಿಂದ ಬರ್ಬೇಕು ತಮ್ಮಾ? ಮೈ ಹಿಡ್ಕಂಡ್ರೆ ಎಣ್ಣೆ ಹಚ್ಚಿ ತಿಕ್ಕೋರು, ಮಾರನೇ ದಿನ ಮತ್ತೆ ಮಟ್ಟಿಗಿಳಿಯೋದೇಯ." ಅಲ್ಲಿ ಆ ಪದಾರ್ಥವೇ ಇರಲಿಲ್ಲ, ಪದ ಎಲ್ಲಿಂದ ಬರಬೇಕು!

ಪದ ಸಿಕ್ಕಿದ್ದು ನಮ್ಮೂರ ತೋಟದಲ್ಲಿ. ತೀರ್ಥಹಳ್ಳಿ ಕಡೆಯ ಊರು ನಮ್ಮದು. ಮೊನ್ನೆ ಅಡಿಕೆಯ ಕೊನೆಕೊಯ್ಲಿಗೆ ಹೋಗಿದ್ದೆ. ಈಗ ಹೆಚ್ಚಿನವರು ಫೈಬರ್ ದೋಟಿಯಲ್ಲಿ ಕೊಯ್ಯುತ್ತಾರೆ, ನಮ್ಮ ಕೊನೆಗಾರ ಇನ್ನೂ ಕಾಲಿಗೆ ತಳೆ ಹಾಕಿ ಮರ ಹತ್ತುವವನು. ಐವತ್ತು ದಾಟಿದೆ, ರಟ್ಟೆ ದಪ್ಪವೇನಲ್ಲ, ಆದರೆ ಹುರಿ ಹೊಸೆದ ಹಗ್ಗದ ಹಾಗಿದೆ. 'ಹುರಿಗಟ್ಟಿದ ಮೈ' ಅನ್ನುತ್ತಾರಲ್ಲ, ಅದು ಬರೀ ಅಲಂಕಾರದ ಮಾತಲ್ಲ ಎಂದು ಅವನನ್ನು ನೋಡಿದರೆ ತಿಳಿಯುತ್ತದೆ. ಮರದಿಂದ ಮರಕ್ಕೆ ದಾಟುತ್ತ ಒಂದು ಸಾಲು ಮುಗಿಸಿ ಇಳಿದವನು ಎಲೆಯಡಿಕೆ ಚೀಲ ಬಿಚ್ಚಿ ಕೂತ. ಅಪ್ಪ ಮುಂದಿನ ಸಾಲು ತೋರಿಸಲು ಹೋದರು. "ತಡೀರಿ ಗೌಡ್ರೇ, ಒಂಚೂರು ಸುಧಾರಿಸ್ಕಂತೀನಿ" ಅಂದ. ಸಂಜೆ ಕೂಲಿ ಎಣಿಸಿಕೊಳ್ಳುವಾಗ ಮತ್ತೆ ಅದೇ ಪದ: "ನಾಳಿಕ್ಕೆ ಬರಕ್ಕಾಗಲ್ಲ, ಮೈ ಸುಧಾರಿಸ್ಲಿ, ನಾಡಿದ್ದು ಮೇಲಿನ ತೋಟ ಮುಗಿಸನ."

ನನಗೆ ಬೇಕಾಗಿದ್ದ ಎರಡೂ ಅದರಲ್ಲಿದ್ದವು. ಸೆಟ್ಟಿನ ನಡುವಿನ ಎರಡು ನಿಮಿಷಕ್ಕೂ ಅದೇ, ನಡುವೆ ಬಿಡುವ ಒಂದು ದಿನಕ್ಕೂ ಅದೇ. ಮೇಲಾಗಿ 'ಸುಧಾರಿಸು' ಅಂದರೆ ಮೊದಲಿಗಿಂತ ಒಳ್ಳೆಯದಾಗುವುದು ಎಂಬ ಅರ್ಥ ಒಳಗೇ ಇದೆ. ಕೋಚ್ ಹೇಳಬೇಕೆಂದಿದ್ದೂ ಅದನ್ನೇ, ರಟ್ಟೆ ಬರೀ ಸುಮ್ಮನಿರುವುದಿಲ್ಲ, ಮೇಲಾಗುತ್ತದೆ.

ತೊಡಕು ಬಂದದ್ದು ನಾಮಪದದಲ್ಲಿ. 'ಸುಧಾರಣೆ' ಅಂದರೆ ಭೂಸುಧಾರಣೆ, ಸಮಾಜಸುಧಾರಣೆ. 'ಸುಧಾರಿಕೆ' ಎಂದು ಟೈಪು ಮಾಡಿ ಪುತ್ತೂರಿನ ಗೆಳೆಯನಿಗೆ ಕಳಿಸಿದೆ. ಅವನು ನಕ್ಕು ನಕ್ಕು ಫೋನು ಮಾಡಿದ. ಅವರ ಹವ್ಯಕ ಮನೆಗಳ ಜಂಬರದಲ್ಲಿ (ಸಮಾರಂಭದಲ್ಲಿ) 'ಸುಧರಿಕೆ' ಅಂದರೆ ಪಂಕ್ತಿಗೆ ಬಡಿಸುವುದು, ಬಂದವರನ್ನು ನೋಡಿಕೊಳ್ಳುವುದು. "ನಿಮ್ಮ ಜಿಮ್ಮಿನಲ್ಲಿ ಬುಧವಾರ ಪಾಯಸ ಎಷ್ಟು ಸೌಟು?" ಎಂದು ಕೇಳಿದ. ಆ ಕಡೆಯ ಓದುಗರು ಇಲ್ಲಿಯೂ ಇದ್ದೀರಿ, 'ಸುಧಾರಿಕೆ' ಎಂದು ಕಂಡರೆ ನಿಮಗೂ ಮೊದಲು ಸೌಟೇ ನೆನಪಾಗುತ್ತದೆಯೇ? ಅಥವಾ ನಾಮಪದದ ಗೊಡವೆಯೇ ಬೇಡ, 'ಬುಧವಾರ: ಕಾಲು ದುಡಿಯಲಿ, ರಟ್ಟೆ ಸುಧಾರಿಸಿಕೊಳ್ಳಲಿ' ಎಂದು ಕ್ರಿಯಾಪದದಲ್ಲೇ ಬರೆದುಬಿಡಲೇ? ಉದ್ದವಾಯಿತು ಎನ್ನುತ್ತಾರೆ ಕೋಚ್.

ಜೊತೆಗೆ ಒಂದು ಚಿಕ್ಕ ಪ್ರಶ್ನೆ. ಹೊಸದಾಗಿ ಭಾರ ಎತ್ತಿದವರಿಗೆ ಎರಡನೇ, ಮೂರನೇ ದಿನ ಜೋರಾಗುವ ನೋವಿಗೆ ನಾವು 'ಮೈ ಹಿಡ್ಕಂಡಿದೆ' ಅನ್ನುತ್ತೇವೆ, ಉಳುಕಿದಾಗಲೂ ಅದೇ ಮಾತು. ಮೊದಲನೆಯದು ತಾನಾಗಿ ಹೋಗುವಂಥದ್ದು, ಎರಡನೆಯದಕ್ಕೆ ಡಾಕ್ಟರು ಬೇಕಾಗಬಹುದು. ಇವೆರಡನ್ನು ಬೇರೆ ಮಾಡುವ ಆಡುಮಾತು ನಿಮ್ಮ ಸೀಮೆಯಲ್ಲಿದೆಯೇ?

ಬರುವ ಶುಕ್ರವಾರ ವಿನೈಲ್ ಪ್ರಿಂಟಿಗೆ ಕಳಿಸಬೇಕು. ಫೈಲಿನಲ್ಲಿ ಬುಧವಾರದ ಎದುರು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.