ಕಾಲೇಜ್ ಫುಟ್‌ಬಾಲ್‌ನ ಹೊಸ ಕಪ್ಪು ಜೆರ್ಸಿ ಕೊಡಿಸ್ಲಾ, ಹಳೇ ಬಣ್ಣದ್ದೇ ಸಾಕಾ? ಅನುಭವ ಇದ್ದೋರು ಹೇಳಿ

ದಾವಣಗೆರೆ ಅಮ್ಮ

ಎಲ್ರಿಗೂ ನಮಸ್ಕಾರ. ನಾವು ಅಮೆರಿಕಕ್ಕೆ ಬಂದು ಹನ್ನೊಂದು ವರ್ಷ ಆಯ್ತು, ಆದ್ರೆ ಈ ಅಮೆರಿಕನ್ ಫುಟ್‌ಬಾಲ್ ನಮ್ಮನೆ ಹೊಸ್ತಿಲು ದಾಟಿದ್ದು ಈ ವರ್ಷ, ಮಗಳು ಯೂನಿವರ್ಸಿಟಿ ಸೇರಿದ್ಮೇಲೆ. ಅವಳ ಕಾಲೇಜ್ ಟೀಮು ಒಂದೇ ಒಂದು ಮ್ಯಾಚಿಗೆ ಅಂತ ಆಲ್ಟರ್ನೇಟ್ ಯೂನಿಫಾರ್ಮ್, ಅಂದ್ರೆ ಮಾಮೂಲಿ ಬಿಟ್ಟು ಬೇರೆ ಬಟ್ಟೆ, ಬಿಟ್ಟಿದೆ, ತಲೆಯಿಂದ ಕಾಲ್ತನಕ ಕಪ್ಪು, ಹೆಲ್ಮೆಟ್ಟೂ ಕಪ್ಪು, ನಂಬರು ಬೂದಿ ಬಣ್ಣ. ಕಾಲೇಜಿನ ಬಣ್ಣದಲ್ಲಿ ಕಪ್ಪೇ ಇಲ್ಲ ಕಣ್ರೀ! ಹುಟ್ಟಿದಹಬ್ಬಕ್ಕೆ ಅದೇ ಬೇಕು ಅಂತ ಮಗಳ ಹಠ. ನಮ್ಮನೆಯವ್ರು "ಹಬ್ಬದ ಸೀಸನ್ನಲ್ಲಿ ದುಡ್ಡು ಕೊಟ್ಟು ಯಾರಾದ್ರೂ ಕರಿ ಬಟ್ಟೆ ತರ್ತಾರಾ" ಅಂತ ಬೇರೆ. ರೇಟು ನೂರು ಡಾಲರ್ ಮೇಲಿದೆ. ಇಂಥ ಡಿಸೈನು ನಿಲ್ಲುತ್ತಾ ಇಲ್ಲಾ ಮುಂದಿನ ವರ್ಷ ಮೂಲೆ ಸೇರುತ್ತಾ, ನಿಮ್ ನಿಮ್ ಕಾಲೇಜಲ್ಲಿ ಹಿಂಗೆ ಬಂದಾಗ ಏನಾಯ್ತು, ಸ್ವಲ್ಪ ಹೇಳಿ.

ಕಾಲೇಜ್ ಪಾರ್ಕ್ ಹಳೇ ಹುಡುಗ

ಅಕ್ಕ, ಇದಕ್ಕೆ ನಾನು ಉತ್ತರ ಕೊಡ್ಲೇಬೇಕು, ಯಾಕಂದ್ರೆ ಇಂಥದ್ದೇ ಒಂದು ದೊಡ್ಡ ಕಥೆ ನಮ್ಮ ಮೇರಿಲ್ಯಾಂಡ್ ಯೂನಿವರ್ಸಿಟಿದು. 2011, ಸೆಪ್ಟೆಂಬರ್ 5, ಲೇಬರ್ ಡೇ ಸೋಮವಾರ ರಾತ್ರಿ, ಮಯಾಮಿ ಜೊತೆ ಮ್ಯಾಚು, ನಾನು ಆಗ ಎಂಎಸ್ ಮಾಡ್ತಿದ್ದೆ, ರೂಮಲ್ಲಿ ನಾಲ್ಕು ಜನ ಹುಡುಗರು ಮ್ಯಾಗಿ ತಿಂತಾ ಟಿವಿ ಹಾಕ್ಕೊಂಡಿದ್ವಿ. ಆಟಗಾರರು ಹೊರಗೆ ಬಂದ್ರು ನೋಡಿ, ಒಬ್ಬನ ಬಾಯಿಂದ ಮ್ಯಾಗಿ ಬಿದ್ದೇಹೋಯ್ತು. ಹೆಲ್ಮೆಟ್ಟಿನ ಅರ್ಧ ಭಾಗ ಕಪ್ಪು-ಹಳದಿ ಚೌಕಳಿ, ಇನ್ನರ್ಧ ಕೆಂಪು-ಬಿಳಿ ಶಿಲುಬೆ. ಭುಜಾನೂ ಹಂಗೇ, ಒಂದೊಂದು ಕಡೆ ಒಂದೊಂದು. ಯಕ್ಷಗಾನದ ಬಣ್ಣದ ವೇಷ ಓಡ್ಬಂದ ಹಂಗಿತ್ತು. ಬಾಸ್ಕೆಟ್‌ಬಾಲ್ ಸ್ಟಾರ್ ಲೆಬ್ರಾನ್ ಜೇಮ್ಸ್ ಅಂಥೋನೇ ಟ್ವಿಟರಲ್ಲಿ ಮೂಗು ಮುರಿದ. ನಾವೂ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ನಮ್ಮ ಲ್ಯಾಬಿನ ಒಬ್ಬ ಬಾಲ್ಟಿಮೋರ್ ಮನುಷ್ಯ ವಿಷಯ ಬಿಡಿಸಿ ಹೇಳ್ದ. ಅದು ಸುಮ್ನೆ ಗೀಚಿದ ಡಿಸೈನ್ ಅಲ್ಲ, ರಾಜ್ಯದ ಬಾವುಟ. ಕಪ್ಪು-ಹಳದಿ ಈ ರಾಜ್ಯಕ್ಕೆ ಮೂಲ ಆದ ಮೊದಲ ಲಾರ್ಡ್ ಬಾಲ್ಟಿಮೋರ್‌ನ ತಂದೆ ಕಡೆ ಕಾಲ್ವರ್ಟ್ ಮನೆತನದ್ದು, ಕೆಂಪು-ಬಿಳಿ ತಾಯಿ ಕಡೆ ಕ್ರಾಸ್‌ಲ್ಯಾಂಡ್ ಮನೆತನದ್ದು. ಅಂತರ್ಯುದ್ಧದ ಕಾಲದಲ್ಲಿ ಒಂದೇ ರಾಜ್ಯದ ಜನ ಎರಡು ಪಾಳಯ ಆಗಿದ್ರು, ದಕ್ಷಿಣದ ಕಡೆ ಒಲಿದೋರು ಕೆಂಪು-ಬಿಳಿ ಹಿಡಿದ್ರು, ಯೂನಿಯನ್ ಅಂದ್ರೆ ಉತ್ತರದ ಕಡೆಯೋರಿಗೆ ಕಪ್ಪು-ಹಳದಿ. ಯುದ್ಧ ಮುಗಿದ್ಮೇಲೆ ಎರಡೂ ಒಂದೇ ಬಟ್ಟೆಲಿ ಸೇರ್ತು, 1904ರಲ್ಲಿ ಅದೇ ಅಧಿಕೃತ ಬಾವುಟ ಆಯ್ತು. ಇದನ್ನ ಕೇಳಿದ್ಮೇಲೆ ಆ ಅರ್ಧರ್ಧ ಹೆಲ್ಮೆಟ್ ನೋಡಿದ್ರೆ ನಗು ಬರ್ಲಿಲ್ಲ. ಬಟ್ಟೆ ಹೊಲಿಸಿಕೊಟ್ಟ ಅಂಡರ್ ಆರ್ಮರ್ ಕಂಪನಿನೂ ಬಾಲ್ಟಿಮೋರ್‌ದೇ, ಅದನ್ನ ಶುರು ಮಾಡಿದ ಕೆವಿನ್ ಪ್ಲ್ಯಾಂಕ್ ಇದೇ ಟೀಮಲ್ಲಿ ಆಡಿದೋನು. ಅಂದ್ರೆ ಊರಿನ ವಿಷ್ಯ ಗೊತ್ತಿದ್ದೋರು ಮಾಡಿದ್ದು.

ಆ ರಾತ್ರಿ 32-24 ಗೆದ್ವಿ. ಮಾರನೇ ದಿನ ನಾನೂ ಹೋಗಿ ಬಾವುಟದ ಟೀಶರ್ಟ್ ತಗೊಂಡೆ, ಇವತ್ತಿಗೂ ಇದೆ, ಕಾಲರ್ ಹತ್ರ ಹರಿದಿದೆ, ಹೆಂಡ್ತಿ ನೆಲ ಒರೆಸೋಕೆ ಕೇಳ್ತಾಳೆ ಕೊಟ್ಟಿಲ್ಲ. ಆದ್ರೆ ಆ ಸೀಸನ್ ಮುಗಿದಾಗ ಲೆಕ್ಕ ಏನು ಗೊತ್ತಾ? 2 ಗೆಲುವು, 10 ಸೋಲು! ಹಾಗಾಗಿ ಬಟ್ಟೆಯಿಂದ ಟೀಮ್ ಸುಧಾರಿಸುತ್ತೆ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ನಾನು ಕೇಳೋದು ಒಂದೇ, ನಿಮ್ಮ ಮಗಳ ಕಾಲೇಜಿನ ಕಪ್ಪಿಗೆ ಏನಾದ್ರೂ ಕಥೆ ಇದೆಯಾ? ಇದ್ರೆ ಕೊಡಿಸಿ, ಹತ್ತು ವರ್ಷ ಆದ್ರೂ ಹಾಕ್ಕೋತಾಳೆ.

ದಾವಣಗೆರೆ ಅಮ್ಮ

ಕಥೆ ಅಂತ ಏನೂ ಕಾಣ್ಲಿಲ್ಲಪ್ಪ. ಅವರ ವಿಡಿಯೋದಲ್ಲಿ ಹೊಗೆ ಬರುತ್ತೆ, ಗುಡುಗು ಬರುತ್ತೆ, ಒಬ್ಬ ಹುಡುಗ ಕತ್ತಲಲ್ಲಿ ತಲೆ ಎತ್ತಿ ನೋಡ್ತಾನೆ. ಅಷ್ಟೇ.

ಬೀವರ್ಟನ್ ಬಿಸಿಬೇಳೆ

ಹೊಗೆ ಗುಡುಗು ಎಲ್ಲಾ ವಿಡಿಯೋದಲ್ಲೂ ಇರುತ್ತೆ ಮೇಡಂ, ಅದು ನಿಮಗಲ್ಲ, ಹೈಸ್ಕೂಲಲ್ಲಿರೋ ಆಟಗಾರರಿಗೆ. ಹದಿನೇಳು ವರ್ಷದ ಹುಡುಗ ಯಾವ ಕಾಲೇಜ್ ಸೇರ್ಲಿ ಅಂತ ಯೋಚ್ನೆ ಮಾಡ್ತಿರ್ತಾನಲ್ಲ, ಅವನ ಕಣ್ಣಿಗೆ ಬೀಳ್ಲಿ ಅಂತ. ನಮ್ಮ ಆರೆಗನ್ ಈ ವಿದ್ಯೆಲಿ ಪಿಎಚ್‌ಡಿ. ನೈಕಿಯ ಫಿಲ್ ನೈಟ್ ಇಲ್ಲೇ ಓದಿ ಇಲ್ಲೇ ಓಡಿದೋರು, ಅವರ ಕೋಚ್ ಬಿಲ್ ಬೋವರ್‌ಮನ್ ಜೊತೆ ಸೇರಿ ಕಂಪನಿ ಕಟ್ಟಿದ್ದು. 1996 ಜನವರಿ 1ಕ್ಕೆ ಸೀಸನ್ ಕೊನೆಯ ಕಾಟನ್ ಬೌಲ್ ಮ್ಯಾಚಲ್ಲಿ ಕೊಲೊರಾಡೋ ಕೈಲಿ 38-6 ಹೊಡೆಸ್ಕೊಂಡ ಮೇಲೆ ನೈಟ್ ಟೀಮಿಗೆ ಏನ್ ಬೇಕು ಅಂತ ನಿಂತ್ರು, ಅಲ್ಲಿಂದ ಶುರುವಾಗಿದ್ದು ಈ ಬಣ್ಣದ ಜಾತ್ರೆ. ಹೆಲ್ಮೆಟ್ ಒಂದು ಬಣ್ಣ, ಅಂಗಿ ಒಂದು, ಪ್ಯಾಂಟ್ ಇನ್ನೊಂದು, ವಾರವಾರ ಬೇರೆ ಬೇರೆ ಜೋಡಿ. ಇಲ್ಲಿ ಬದಲಾಗೋದೇ ಸಂಪ್ರದಾಯ, ಹಾಗಾಗಿ ಆಲ್ಟರ್ನೇಟ್ ಅಂತ ಯಾರೂ ಹುಬ್ಬೇರಿಸಲ್ಲ. 2013ರಲ್ಲಿ ಗುಲಾಬಿ ಹೆಲ್ಮೆಟ್ ಹಾಕ್ಕೊಂಡು ಆಡಿದ್ರು, ಆಮೇಲೆ ಕ್ಯಾನ್ಸರ್ ನಿಧಿಗೆ ಅಂತ ಹರಾಜು ಹಾಕಿದ್ರು, ಅದು ನನಗೆ ತುಂಬಾ ಇಷ್ಟ ಆಗಿತ್ತು.

ನನ್ನ ಅನುಭವ ಕೇಳಿದ್ರೆ, ನಾನು ಮೊದಲ ಮೂರು ವರ್ಷ ಹೊಸಾದು ಬಂದಾಗೆಲ್ಲ ತಗೊಂಡೆ. ಈಗ ಕಪಾಟಲ್ಲಿ ಐದು ಜೆರ್ಸಿ ಇದೆ, ಹಾಕೋದು ಆ ಮಾಮೂಲಿ ಹಸಿರು ಒಂದೇ.

ಹುಬ್ಬಳ್ಳ್ಯಾಂವ ಇನ್ ಹಂಟ್ಸ್‌ವಿಲ್

ಅಕ್ಕಾರ, ನಿಮ್ಮ ಯಜಮಾನ್ರು ಹೇಳೂದು ಖರೇ ಐತ್ರಿ. ನಾ ಅಲಬಾಮಾದಾಗ ಇರಾಂವ, ಇಲ್ಲಿ ಯೂನಿಫಾರ್ಮ್ ಬದ್ಲಿ ಮಾಡೂಣು ಅಂದ್ರ ಮಂದಿ ಬಡ್ಯಾಕ ಬರ್ತಾರ. ಗಾಢ ಕೆಂಪ ಅಂಗಿ, ಹೆಲ್ಮೆಟ್ ಮ್ಯಾಲ ಚಿತ್ರ ಗಿತ್ರ ಏನಿಲ್ಲ, ಬರೇ ಆಟಗಾರನ ನಂಬರ, ಬೆನ್ನ ಮ್ಯಾಲ ಹೆಸರೂ ಇಲ್ಲ. ಅಜ್ಜನ ಅಂಗಿ ಮೊಮ್ಮಗ ಹಾಕ್ಕೊಂಡು ಬಂದ್ರೂ ನಡೀತೈತಿ.

ಕಪ್ಪಿನ ಕಥಿ ಹೇಳ್ತೀನಿ ಕೇಳ್ರಿ. ಜಾರ್ಜಿಯಾದವ್ರು 2007ರಾಗ ಆಬರ್ನ್ ಜೋಡಿ ಆಡೂಮುಂದ ಕಪ್ಪ ಅಂಗಿ ಹಾಕ್ಕೊಂಡು 45-20 ಗೆದ್ರು. ಆತು, ಅವರಿಗಿ ಅದ ಹುಚ್ಚ ಹಿಡೀತು. 2008 ಸೆಪ್ಟೆಂಬರದಾಗ ನಮ್ಮ ಅಲಬಾಮಾ ಅಲ್ಲಿಗಿ ಹೋದಾಗ ಮತ್ತ ಕಪ್ಪ, ಸ್ಟೇಡಿಯಮ್ಮಿನ ಮಂದೀನೂ ಕಪ್ಪ, ಎಲ್ಲಾರೂ ಹೆದರ್ಸಾಕ ನಿಂತಿದ್ರು. ಹಾಫ್‌ಟೈಮಿಗಿ ಸ್ಕೋರ್ ಎಷ್ಟ ಗೊತ್ತೇನ್ರಿ? ಅಲಬಾಮಾ 31, ಜಾರ್ಜಿಯಾ ಸೊನ್ನಿ. ಕಡೀಕ 41-30 ಸೋತ್ರು. ಆಮ್ಯಾಲ ಭಾಳ ವರ್ಷ ಆ ಕಪ್ಪ ಅಂಗಿ ಟ್ರಂಕಿನ್ಯಾಗ ಬಿತ್ತು. ನಮ್ಮ ಆಫೀಸಿನ್ಯಾಗ ಒಬ್ಬ ಜಾರ್ಜಿಯಾದಾಂವ ಅದಾನ, ಆ ಅಂಗಿ ಹೆಸರ ತಗದ್ರ ಇವತ್ತಿಗೂ ಚಾದ ಕಪ್ ಇಟ್ಟು ಎದ್ದ ಹೋಗ್ತಾನ.

ಕೊಲಂಬಸ್ ಕಾಫಿ

ಸರ್, ಒಂದೇ ಮ್ಯಾಚ್ ಇಟ್ಕೊಂಡು ಕಪ್ಪಿಗೆ ಶಾಪ ಹಾಕಬೇಡಿ. ಓಹಾಯೋ ಸ್ಟೇಟ್ ಬಣ್ಣ ಕೆಂಪು ಮತ್ತು ಬೂದಿ, ಕಪ್ಪು ಇಲ್ಲ, ಆದ್ರೂ 2015ರಲ್ಲಿ ಪೆನ್ ಸ್ಟೇಟ್ ವಿರುದ್ಧ ಪೂರ್ತಿ ಕಪ್ಪಲ್ಲಿ ಆಡಿ 38-10 ಗೆದ್ರು. ರಾತ್ರಿ ಲೈಟಲ್ಲಿ ಸಖತ್ತಾಗಿ ಕಾಣ್ತಿತ್ತು. ಗೆದ್ದಿದ್ದು ಚೆನ್ನಾಗಿ ಕಾಣುತ್ತೆ, ಸೋತಿದ್ದು ಅಪಶಕುನ ಆಗುತ್ತೆ, ಅಷ್ಟೇ ವಿಷ್ಯ.

ಆರ್‌ಸಿಬಿ ಅಭಿಮಾನಿ, ಡಲ್ಲಾಸ್

ಇದನ್ನ ನಮಗಿಂತ ಚೆನ್ನಾಗಿ ಯಾರು ಬಲ್ಲರು ಗುರು. 2011ರಿಂದ ನಮ್ಮೋರು ಹೆಚ್ಚುಕಮ್ಮಿ ವರ್ಷಕ್ಕೊಂದು ಮ್ಯಾಚು ಹಸಿರು ಜೆರ್ಸಿ ಹಾಕ್ತಾರೆ, ಪರಿಸರದ ಉದ್ದೇಶ, ಒಳ್ಳೇದೇ, ಆದ್ರೆ ಹಸಿರು ಅಂದ್ರೆ ಎದೆ ಢವಢವ. 2024ರಲ್ಲಿ ಈಡನ್ ಗಾರ್ಡನ್ಸಲ್ಲಿ ಒಂದೇ ಒಂದು ರನ್ನಲ್ಲಿ ಸೋತ್ವಲ್ಲ, ಮೈಮೇಲೆ ಇದ್ದಿದ್ದು ಹಸಿರೇ. 2025ರಲ್ಲಿ ಜೈಪುರದಲ್ಲಿ ಅದೇ ಹಸಿರಲ್ಲಿ 9 ವಿಕೆಟ್ಟಿಂದ ಗೆದ್ವಿ, ಆ ವರ್ಷ ಐಪಿಎಲ್ ಟ್ರೋಫೀನೂ ಬಂತು, ಈಗ ಯಾರೂ ಹಸಿರಿನ ಬಗ್ಗೆ ಕಮಕ್ ಕಿಮಕ್ ಅನ್ನಲ್ಲ.

ಕುಡ್ಲದಿಂದ ಕ್ಯಾಲಿಫೋರ್ನಿಯಾ

ನನ್ನದು ಬೇರೆಯೇ ತಕರಾರು ಮಾರಾಯ್ರೆ. ನೀವು ಹೇಳಿದ್ದರಲ್ಲಿ ನನಗೆ ಬೇಜಾರಾದದ್ದು ಕಪ್ಪು ಅಲ್ಲ, ಆ ಬೂದಿ ನಂಬರು. ಕಪ್ಪಿನ ಮೇಲೆ ಬೂದಿ ಹಾಕಿದರೆ ಅರವತ್ತನೇ ಸಾಲಲ್ಲಿ ಕೂತವನಿಗೆ ಏನು ಕಾಣ್ತದೆ ಹೇಳಿ? ಬಾಲ್ ಯಾರ ಕೈಯಲ್ಲಿ ಉಂಟು ಅಂತ ಪಕ್ಕದವನನ್ನು ಕೇಳ್ಬೇಕು, ಅವನಿಗೂ ಗೊತ್ತಿಲ್ಲ. ನಂಬರು ಅಂಗಿಯ ಬಣ್ಣದಿಂದ ಎದ್ದು ಕಾಣಬೇಕು ಅಂತ ಕಾಲೇಜ್ ಆಟಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ರೂಲೇ ಉಂಟು, ಆದರೂ ಕೆಲವರು ಗೆರೆಯ ಅಂಚಲ್ಲೇ ನಡೀತಾರೆ. ಹೊಸ ಡಿಸೈನ್ ಬಂದಾಗ ನಾನು ಫೋಟೋವನ್ನು ಫೋನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಮಾಡಿ ನೋಡುವುದು. ನಂಬರು ಓದ್ಲಿಕ್ಕೆ ಬಂತಾ, ಒಳ್ಳೇದು. ಬರ್ಲಿಲ್ವಾ, ಡಿಸೈನ್ ಮಾಡಿದವ ಸ್ಟೇಡಿಯಮ್ಮಿಗೆ ಹೋಗಿಯೇ ಇಲ್ಲ ಅಂತ ಲೆಕ್ಕ.

ಬಣ್ಣದ ರೂಲ್ ಅಂದಾಗ ನೆನಪಾಯ್ತು, ಇದು ನನ್ನ ಫೇವರಿಟ್ ಕಥೆ. ಆಗ ಅತಿಥಿ ಟೀಮು ಬಿಳಿಯೇ ಹಾಕಬೇಕಿತ್ತು. ಯುಎಸ್‌ಸಿ, ಯುಸಿಎಲ್‌ಎ ಎರಡೂ ಲಾಸ್ ಏಂಜಲೀಸಿನ ಯೂನಿವರ್ಸಿಟಿಗಳು. 2008 ಡಿಸೆಂಬರಲ್ಲಿ ಯುಎಸ್‌ಸಿಯವರು ಯುಸಿಎಲ್‌ಎಯ ಹೋಮ್ ಸ್ಟೇಡಿಯಮ್ ರೋಸ್ ಬೌಲಿಗೆ ಆಡ್ಲಿಕ್ಕೆ ಬಂದರು, ಅವರ ಕೋಚ್ ಪೀಟ್ ಕ್ಯಾರಲ್ ಬೇಕಂತಲೇ ಕೆಂಪು ಅಂಗಿಯಲ್ಲೇ ಇಳಿಸಿದರು, ಹಿಂದಿನ ಕಾಲದಲ್ಲಿ ಒಂದೇ ಊರಿನ ಈ ಎರಡೂ ಟೀಮು ತಮ್ಮ ತಮ್ಮ ಬಣ್ಣದಲ್ಲೇ ಆಡ್ತಿದ್ದವು, ಅದು ವಾಪಸ್ ಬರಲಿ ಅಂತ. ದಂಡ ಅಂತ ಅವರದ್ದು ಒಂದು ಟೈಮ್‌ಔಟ್, ಅಂದರೆ ಆಟ ನಿಲ್ಲಿಸುವ ಒಂದು ಅವಕಾಶ, ಹೋಯ್ತು. ಆಗ ಯುಸಿಎಲ್‌ಎ ಕೋಚ್ ರಿಕ್ ನ್ಯೂಹೈಸೆಲ್ ಏನು ಮಾಡಿದ್ದು ಗೊತ್ತುಂಟಾ, ಲೆಕ್ಕ ಸಮ ಆಗ್ಲಿ ಅಂತ ತಾನೂ ಒಂದು ಟೈಮ್‌ಔಟ್ ತೆಗೆದು ಬಿಸಾಡಿದ! ಎದುರಾಳಿಗೆ ಇಷ್ಟು ಮರ್ಯಾದೆ ಕೊಟ್ಟದ್ದು ನಾನು ಬೇರೆ ಎಲ್ಲೂ ನೋಡಿಲ್ಲ. ಮರುವರ್ಷ ರೂಲೇ ಬದಲಾಯ್ತು, ಇಬ್ಬರೂ ಒಪ್ಪಿದರೆ ಇಬ್ಬರೂ ಬಣ್ಣ ಹಾಕಬಹುದು. ನೀಲಿ ಎದುರು ಕೆಂಪು, ಆ ಚಂದದ ಮುಂದೆ ಯಾವ ಹೊಸ ಡಿಸೈನೂ ಬೇಡ.

ಫಿಲ್ಲಿಯಿಂದ ಒಬ್ಬ

ಮೇರಿಲ್ಯಾಂಡ್ ಅಣ್ಣ ಹೇಳಿದ ಕಥೆ ಮಾತು ಖಂಡಿತ ನಿಜ. ಒಂದ್ಸಲ ಆರ್ಮಿ-ನೇವಿ ಮ್ಯಾಚ್ ನೋಡಿ, ಅಮೆರಿಕದ ಸೇನಾ ಅಕಾಡೆಮಿ ಮತ್ತು ನೌಕಾ ಅಕಾಡೆಮಿ ಟೀಮುಗಳದ್ದು. 2017 ಡಿಸೆಂಬರಲ್ಲಿ ಫಿಲಡೆಲ್ಫಿಯಾದಲ್ಲಿ ನಾನು ಹೋಗಿದ್ದೆ, ಆರ್ಮಿಯೋರು ಪೂರ್ತಿ ಬಿಳಿ, ಎರಡನೇ ಮಹಾಯುದ್ಧದಲ್ಲಿ ಸ್ಕೀ ಕಟ್ಕೊಂಡು ತರಬೇತಿ ಮಾಡಿ ಇಟಲಿ ಬೆಟ್ಟದಲ್ಲಿ ಹೋರಾಡಿದ 10ನೇ ಮೌಂಟೇನ್ ಡಿವಿಷನ್ ನೆನಪಿಗೆ. ನೇವಿಯೋರು ತಮ್ಮ ಬ್ಲೂ ಏಂಜೆಲ್ಸ್ ವಿಮಾನ ತಂಡದ ನೀಲಿ. ಅವತ್ತೇ ಹಿಮ ಬೀಳ್ಬೇಕಾ! ಡಿಸೈನ್ ಮಾಡಿದೋರು ಹರಕೆ ಹೊತ್ತಿದ್ರೇನೋ. ಹಿಮದಲ್ಲಿ ಅಡಗೋಕೆ ಅಂತ ಬಿಳಿ ಉಟ್ಟ ಸೈನಿಕರ ನೆನಪಿನ ಬಟ್ಟೆ, ನಿಜವಾದ ಹಿಮದಲ್ಲಿ. ಕೈ ಬೆರಳು ಮರಗಟ್ಟಿತ್ತು, ಫ್ಲಾಸ್ಕಲ್ಲಿದ್ದ ಕಾಫಿ ಖಾಲಿ, ಆದ್ರೂ ಏಳೋ ಮನಸ್ಸಾಗ್ಲಿಲ್ಲ. 14-13, ಕೊನೇಲಿ ನೇವಿಯ ಕಿಕ್ ತಪ್ಪಿ ಆರ್ಮಿ ಗೆಲ್ತು. ಅವರು ವರ್ಷವರ್ಷ ಒಂದೊಂದು ತುಕಡಿ ಕಥೆ ತರ್ತಾರೆ, ನೇವಿ 2022ರಲ್ಲಿ ನಾಸಾ ಗಗನಯಾತ್ರಿ ಥರ ಬಿಳಿ ಹಾಕಿತ್ತು.

ಕಥೆ ಇದ್ರೂ ಎಡವಬಹುದು ಅನ್ನೋದೂ ಹೇಳ್ಬಿಡ್ತೀನಿ. 2013ರಲ್ಲಿ ನಾರ್ತ್‌ವೆಸ್ಟರ್ನ್ ಗಾಯಾಳು ಸೈನಿಕರ ಗೌರವಕ್ಕೆ ಅಂತ ಬಾವುಟದ ಡಿಸೈನ್ ತಂದ್ರು, ಹಳೇದಾದ ಹಾಗೆ ಕಾಣ್ಲಿ ಅಂತ ಮಾಡಿದ ಕಲೆಗಳು ರಕ್ತ ಚಿಮ್ಮಿದ ಹಾಗೆ ಕಾಣ್ತು, ಬೈಸ್ಕೊಂಡ್ರು.

ಸೋಫೋಮೋರ್ ಹುಡುಗಿ

ಆಂಟಿ, ಇಲ್ಲಿ ಎಲ್ರೂ ಅಂಕಲ್‌ಗಳೇ ಮಾತಾಡ್ತಿದಾರೆ, ಸ್ಟೂಡೆಂಟ್ ಸೈಡಿಂದ ನಾನು ಹೇಳ್ತೀನಿ. ಕಥೆ ಗಿಥೆ ನಮಗೆ ಅಷ್ಟೊಂದು ಇಂಪಾರ್ಟೆಂಟ್ ಅಲ್ಲ, ಫೋಟೋದಲ್ಲಿ ಎಲ್ಲಾ ಫ್ರೆಂಡ್ಸೂ ಕಪ್ಪಲ್ಲಿದ್ದು ನಾನೊಬ್ಳೇ ಬೇರೆ ಬಣ್ಣದಲ್ಲಿದ್ರೆ ಅಳು ಬರುತ್ತೆ, ಅವಳ ಹಠ ಬಹುಶಃ ಅದೇ. ಮೊದ್ಲು ಆ ಮ್ಯಾಚಿಗೆ ಜನ ಯಾವ ಬಣ್ಣ ಹಾಕ್ಬೇಕು ಅಂತ ಕಾಲೇಜು ಹೇಳಿರುತ್ತೆ ಅದನ್ನ ನೋಡಿ. ಪೆನ್ ಸ್ಟೇಟ್ ವೈಟ್ ಔಟ್ ನೋಡಿದೀರಲ್ಲ, ಲಕ್ಷಕ್ಕೂ ಜಾಸ್ತಿ ಜನ ಬಿಳಿ, ಅಲ್ಲಿ ಟೀಮಿನ ಬಟ್ಟೆಗಿಂತ ಜನರ ಬಟ್ಟೆನೇ ನೋಡೋಕೆ ಚೆಂದ. ನಿಮ್ಮಲ್ಲೂ ಬ್ಲ್ಯಾಕ್ ಔಟ್ ಅಂದಿದ್ರೆ ಕಾಲೇಜ್ ಸ್ಟೋರಲ್ಲಿ ಕಪ್ಪು ಟೀಶರ್ಟ್ ಸಿಗುತ್ತೆ, ಜೆರ್ಸಿಗಿಂತ ಎಷ್ಟೋ ಕಮ್ಮಿ, ಕೆಲಸ ಆಯ್ತು. ಹುಟ್ಟಿದಹಬ್ಬಕ್ಕೆ ಹೋಮ್ ಜೆರ್ಸಿ ಕೊಡಿಸಿ, ನಾಲ್ಕು ವರ್ಷ ಹಾಕ್ತಾಳೆ.

ಇನ್ನೊಂದು ಮುಖ್ಯ ವಿಷ್ಯ, ಬೆನ್ನ ಮೇಲೆ ಆಟಗಾರನ ಹೆಸರಿರೋದು ತಗೋಬೇಡಿ. 2021ರಿಂದ ಆಟಗಾರರು ತಮ್ಮ ಹೆಸರಲ್ಲಿ ದುಡ್ಡು ಮಾಡಬಹುದು ಅಂತ ಆದ್ಮೇಲೆ ಹೆಸರಿರೋ ಜೆರ್ಸಿಗಳು ಬಂದಿವೆ, ಅವ್ರಿಗೂ ಪಾಲು ಹೋಗುತ್ತೆ, ಒಳ್ಳೇದೇ, ಆದ್ರೆ ಸೀಸನ್ ಮುಗಿದ ತಕ್ಷಣ ಆ ಹುಡುಗ ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಆಗಿರ್ತಾನೆ. ನನ್ನ ರೂಮ್‌ಮೇಟ್ ಹತ್ರ ಅಂಥದ್ದು ಎರಡಿದೆ, ಒಬ್ಬ ಈಗ ನಮ್ಮ ಎದುರಾಳಿ ಟೀಮಲ್ಲಿ ಆಡ್ತಾನೆ.

ದಾವಣಗೆರೆ ಅಮ್ಮ

ಪುಟ್ಟಿ, ನೀನು ಹೇಳಿದ್ದು ಸರಿ ಅನ್ನಿಸ್ತು ಕಣಮ್ಮ, ಆ ಮ್ಯಾಚಿಗೆ ಎಲ್ರೂ ಕಪ್ಪೇ ಅಂತೆ. ಟೀಶರ್ಟ್ ಕಪ್ಪು, ಜೆರ್ಸಿ ಮಾಮೂಲಿ, ಅಂತ ಅವಳಿಗೆ ಹೇಳಿದೆ, ಅರ್ಧ ಗಂಟೆ ಮಾತಾಡ್ಲಿಲ್ಲ, ಆಮೇಲೆ ಸರಿ ಅಂದ್ಳು. ಕುಡ್ಲದೋರ ಉಗುರಿನ ಪರೀಕ್ಷೆನೂ ಮಾಡ್ದೆ, ನಂಬರು ಕಾಣ್ಲೇ ಇಲ್ಲ, ನಮ್ಮನೆಯವ್ರಿಗೆ ಖುಷಿಯೋ ಖುಷಿ. ಸೈಜ್ ಮಾತ್ರ ಹೇಳ್ಬಿಡಿ, ಅವಳದು ಎಂ.

ಸೋಫೋಮೋರ್ ಹುಡುಗಿ

ಎಲ್ ತಗೊಳ್ಳಿ ಆಂಟಿ. ನವೆಂಬರಲ್ಲಿ ಒಳಗೆ ದಪ್ಪ ಹೂಡಿ ಹಾಕ್ಬೇಕಾಗುತ್ತೆ. ಒಗೆಯುವಾಗ ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಹಾಕಿ, ಡ್ರೈಯರ್‌ಗೆ ಬೇಡ, ನಂಬರು ಬಿರುಕು ಬಿಡುತ್ತೆ. ನೆರಳಲ್ಲಿ ಹ್ಯಾಂಗರ್‌ಗೆ ನೇತು ಹಾಕಿದ್ರೆ ಸಾಕು.