ಸಹಾಯ ಬೇಕು: ಬೋಟಿನ ತಳದ ಹಳೇ ವಾಲ್ವ್ ಬದಲಿಸಬೇಕು

ನಮಸ್ಕಾರ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್ ಅಲ್ವಾ, ಆಗ ಕಾರವಾರದಲ್ಲಿ ನಮ್ಮ ಫೈಬರ್ ಬೋಟನ್ನು ದಡಕ್ಕೆ ಎಳೆಸುತ್ತೇವೆ. ಇಂಜಿನ್ ತಂಪಾಗಿಸಲು ಸಮುದ್ರದ ನೀರು ಎಳೆಯುವ ತಳದ ಫಿಟ್ಟಿಂಗ್, ಅದರ ಮೇಲಿನ ಸೀಕಾಕ್ (ನೀರು ಬಂದ್ ಮಾಡುವ ವಾಲ್ವ್) ಎರಡೂ ಹಿತ್ತಾಳೆಯವು. ಕೆರೆದರೆ ಗುಲಾಬಿ ಬಣ್ಣ ಕಾಣುತ್ತದೆ. ಅಂದರೆ ಉಪ್ಪುನೀರಿಗೆ ಸತು ಕರಗಿಹೋಗಿ ಲೋಹ ಪೊಳ್ಳಾಗಿದೆ. ಹಿಡಿಕೆಯೂ ತಿರುಗುತ್ತಿಲ್ಲ. ಹೋಸ್ ಒಡೆದರೆ ನೀರು ನಿಲ್ಲಿಸುವುದು ಹೇಗೆ?

ಅಂಗಡಿಯವರು ಮನೆ ಪೈಪಿನ ಹಿತ್ತಾಳೆ ಬಾಲ್ ವಾಲ್ವ್ ಸಾಕು ಅಂತಾರೆ. ಸುಮ್ನೆ ಮತ್ತದೇ ಕಥೆ! ನನಗೆ ಕಂಚು ಅಥವಾ ಗನ್‌ಮೆಟಲ್‌ದೇ (ಅದೂ ಒಂದು ಬಗೆಯ ಕಂಚೇ) ಬೇಕು. ಕಾರವಾರ, ಗೋವಾ ಕಡೆ ಎಲ್ಲಿ ಸಿಗುತ್ತದೆ? ಹಳೇ ನಟ್ ಬಿಚ್ಚದಿದ್ದರೆ ಫಿಟ್ಟಿಂಗಿನ ಹೊರಗಿನ ಅಂಚನ್ನು ಗ್ರೈಂಡರ್‌ನಿಂದ ತೆಗೆದು ಒಳಕ್ಕೆ ತಳ್ಳಬಹುದಾ, ಫೈಬರ್‌ಗೆ ಪೆಟ್ಟಾಗುತ್ತಾ? ಈ ಕೆಲಸ ಮಾಡಿದ ಮೇಸ್ತ್ರಿ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ.